ಜಿಬೂಟಿ: ಐದು ಸೇನೆಗಳ ಬಂದರು

ಕರ್ನಾಟಕದ ಎಂಟನೇ ಒಂದರಷ್ಟಿರುವ ಜಿಬೂಟಿಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಬೇಸಾಯ ಹೆಸರಿಗಷ್ಟೇ. ಆಫ್ರಿಕಾದ ಕೊಂಬಿನ ಈ ದೇಶಕ್ಕಿರುವ ಆಸ್ತಿಯೆಂದರೆ ಅದು ಕೂತಿರುವ ಜಾಗ. ಸೂಯೆಜ್ ಹಾದಿಯಲ್ಲಿ ಏಷ್ಯಾ–ಯುರೋಪ್ ನಡುವೆ ಓಡಾಡುವ ಹಡಗುಗಳೆಲ್ಲ ಪಕ್ಕದ ಬಾಬ್ ಎಲ್ ಮಂದೆಬ್ ಜಲಸಂಧಿಯಲ್ಲೇ ನುಸುಳಬೇಕು. ಆ ಜಾಗವನ್ನೇ ಜಿಬೂಟಿ ಹೊರಗಿನ ಸೇನೆಗಳಿಗೆ ಬಾಡಿಗೆಗೆ ಕೊಟ್ಟಿದೆ. 1977ರಲ್ಲಿ ಸ್ವಾತಂತ್ರ್ಯ ಕೊಟ್ಟ ಫ್ರಾನ್ಸ್ ಜಾಗ ಖಾಲಿ ಮಾಡಿಲ್ಲ. ವಿಮಾನ ನಿಲ್ದಾಣದ ಪಕ್ಕ, ಕ್ಯಾಂಪ್ ಲೆಮೊನಿಯೆಯಲ್ಲಿ, ಅಮೆರಿಕದವರು ಸುಮಾರು 4,000 ಮಂದಿ ಇದ್ದಾರೆ. ಜಪಾನ್, ಇಟಲಿ ಕೂಡ ಉಂಟು.

ಚೀನಾ ಬಂದದ್ದು 2017ರ ಆಗಸ್ಟ್ 1ರಂದು, ತನ್ನ ಸೇನೆಯ 90ನೇ ಹುಟ್ಟುಹಬ್ಬದ ದಿನ. ಪರದೇಶದಲ್ಲಿ ಸೇನಾನೆಲೆ ಇಡುವುದಿಲ್ಲವೆಂದು ಬಹುಕಾಲ ಹೇಳಿಕೊಂಡು ಬಂದ ದೇಶವದು. ಹಾಗಾಗಿ ದೊರಾಲೆ ಬಂದರಿನ ಬಳಿ ಕಟ್ಟಿಸಿದ್ದು ಹಡಗುಗಳಿಗೆ ಇಂಧನ, ಆಹಾರ ಒದಗಿಸುವ ಕೇಂದ್ರವಷ್ಟೇ ಎಂದಿತು.

ಚೀನಾ ಕೊಡುವ ಕಾರಣಗಳು ಸುಳ್ಳಲ್ಲ. ಸೊಮಾಲಿಯಾದ ಕಡಲ್ಗಳ್ಳರನ್ನು ತಡೆಯಲು 2008ರ ಡಿಸೆಂಬರ್‌ನಿಂದ ಚೀನಾದ ಯುದ್ಧನೌಕೆಗಳು ಏಡನ್ ಕೊಲ್ಲಿಯಲ್ಲಿವೆ. ಅದಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆಯೂ ಇತ್ತು. 2011ರಲ್ಲಿ ಲಿಬಿಯಾದಿಂದ 35,000ಕ್ಕೂ ಹೆಚ್ಚು ಪ್ರಜೆಗಳನ್ನು ಅದು ಹೊರತರಬೇಕಾಯಿತು. ಅದರ ಸಾಲದಲ್ಲಿ ಎದ್ದ ಅಡಿಸ್ ಅಬಾಬಾ–ಜಿಬೂಟಿ ರೈಲು ಮಾರ್ಗವೂ ಇಲ್ಲಿದೆ. ನಮ್ಮ ಜನ, ನಮ್ಮ ಬಂಡವಾಳ ಇರುವಲ್ಲಿ ನಮ್ಮ ಕಾವಲೂ ಇರಲಿ ಎಂಬುದು ವಾದ.

ಆದರೆ 2015ರಲ್ಲಿ ಯೆಮನ್ ಹೊತ್ತಿ ಉರಿದಾಗ ಚೀನಾ ತನ್ನವರನ್ನು ಜಿಬೂಟಿಗೆ ದಾಟಿಸಿದ್ದು ನೆಲೆಯಿಲ್ಲದೆಯೇ. ಭಾರತವೂ ಅಷ್ಟೇ: 'ಆಪರೇಷನ್ ರಾಹತ್'ನಲ್ಲಿ 4,600ಕ್ಕೂ ಹೆಚ್ಚು ಭಾರತೀಯರನ್ನು, ಬಹುಪಾಲು ಇದೇ ಜಿಬೂಟಿಯ ಮೂಲಕ, ಪಾರುಮಾಡಿತು. ಇಲ್ಲಿ ನಮ್ಮದೊಂದು ಗುಡಾರವೂ ಇರಲಿಲ್ಲ. ಕಡಲ್ಗಳ್ಳರ ಕತೆಯೂ ಪೂರ್ತಿ ನಂಬುವಂತಿಲ್ಲ. 2013ರ ಹೊತ್ತಿಗೆ ಅವರ ಹಾವಳಿ ಬಹಳ ತಗ್ಗಿತ್ತು. ಮರುವರ್ಷ ಕೊಲಂಬೊದಲ್ಲಿ ಲಂಗರು ಹಾಕಿದ ಚೀನಾದ ಜಲಾಂತರ್ಗಾಮಿ ಹೊರಟಿದ್ದು ಅವರನ್ನು ತಡೆಯಲಿಕ್ಕಂತೆ! ಸಣ್ಣ ದೋಣಿಯವರನ್ನು ನೀರೊಳಗಿಂದ ಹಿಡಿಯುವುದು ಹೇಗೋ. ಆಮೇಲೆ ದೊರಾಲೆಯಲ್ಲಿ ಉದ್ದನೆಯ ಹಡಗುಕಟ್ಟೆ ಎದ್ದಿತು. ವಿಮಾನವಾಹಕ ನೌಕೆಯೇ ನಿಲ್ಲಬಹುದೆಂದು 2021ರಲ್ಲಿ ಅಮೆರಿಕದ ಜನರಲ್ ಒಬ್ಬರು ಎಚ್ಚರಿಸಿದರು.

2023ರ ಕೊನೆಗೆ ಯೆಮನ್‌ನ ಹೂಥಿ ಬಂಡುಕೋರರು ಇದೇ ಹಾದಿಯ ಸರಕು ಹಡಗುಗಳತ್ತ ಕ್ಷಿಪಣಿ ಹಾರಿಸತೊಡಗಿದರು. ಆ ಹಡಗುಗಳನ್ನು ಕಾಯಲು ಅಮೆರಿಕ ಕಟ್ಟಿದ ನೌಕಾಕೂಟಕ್ಕೆ, ನೆಲೆ ಪಕ್ಕದಲ್ಲೇ ಇದ್ದರೂ, ಚೀನಾ ಸೇರಲಿಲ್ಲ. ಚೀನಾದ ಹಡಗುಗಳನ್ನು ಮುಟ್ಟುವುದಿಲ್ಲವೆಂದು ಹೂಥಿಗಳ ಮುಖಂಡರೊಬ್ಬರು 2024ರ ಜನವರಿಯಲ್ಲೇ ಹೇಳಿದ್ದರು.