ಕುಂಡದ ತೆಂಗಿನ ಸಸಿ ಲಂಡನ್ ಚಳಿ ದಾಟುತ್ತದೆಯೇ?

ಊರಿನ ತೆಂಗಿನಕಾಯಿ ಮೊಳೆಸಿ ಕುಂಡದಲ್ಲಿಟ್ಟರೆ ಲಂಡನ್ನಿನ ಮನೆಯಲ್ಲೂ ಬೆಳೆಯುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಮೊದಮೊದಲು ಸಸಿಯನ್ನು ಸಾಕುವುದು ಕಾಯಿಯೊಳಗಿನ ಆಹಾರ. ಅದು ಮುಗಿದ ಮೇಲೆ ಬೇರು, ಎಲೆಗಳೇ ದುಡಿಯಬೇಕು.

ತೆಂಗಿಗೆ ಹಿತವಾದ ಸರಾಸರಿ ಉಷ್ಣತೆ ಸುಮಾರು 27 ಡಿಗ್ರಿ ಸೆಲ್ಸಿಯಸ್. ಮಂಡ್ಯದ ದುದ್ದದಲ್ಲಿ ಮಾಗಿಯ ರಾತ್ರಿ ತಂಪಾದರೂ ಹಗಲಿನ ಬಿಸಿಲು ಅದನ್ನು ಸರಿದೂಗಿಸುತ್ತದೆ. ಲಂಡನ್ನಿನಲ್ಲಿ ಬಿಸಿಲೂ ಕಡಿಮೆ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ತೆಂಗಿಗಿರುವುದು ಒಂದೇ ಸುಳಿ. ಅದು ಸತ್ತರೆ ಗಿಡವೇ ಹೋದಂತೆ. ಅಲ್ಲಿನ ಕ್ಯೂ ಉದ್ಯಾನದಲ್ಲಿ 1848ರಲ್ಲಿ ಇಂಥ ಗಿಡಗಳಿಗೆಂದೇ ಬಿಸಿಯಾಗಿಡುವ ಗಾಜಿನ ಮನೆ ಕಟ್ಟಿ ಮುಗಿಸಿದ್ದರು.

ಹಾಗಾಗಿ ಕುಂಡವನ್ನು ಬಿಸಿಲು ಬೀಳುವ ಕಿಟಕಿಯ ಬಳಿ, ಬೆಚ್ಚಗಿನ ಕೋಣೆಯಲ್ಲಿಡಿ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಎಳನೀರಿನ ಆಸೆ ಮಾತ್ರ ಬೇಡ. ಹಸಿರಷ್ಟೇ ಸಾಕೆಂದರೆ, ತಂಪು ತಾಳುವ ಕೆಂಟಿಯಾ ಪಾಮ್ ಒಳ್ಳೆಯದು.