ದಪ್ಪಗಾದ ಹೃದಯ ಮತ್ತು ಕೋಶಗಳ ಸ್ವಭಕ್ಷಣೆ

ರಕ್ತದ ಏರೊತ್ತಡ ಹಲವು ವರ್ಷ ಹತೋಟಿಗೆ ಬಾರದಿದ್ದರೆ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ. ಇದರ ಹಿಂದೆ ಭೌತವಿಜ್ಞಾನದ ಒಂದು ಸರಳ ಲೆಕ್ಕವಿದೆ. ಗೋಡೆಯ ಮೇಲೆ ಬೀಳುವ ಎಳೆತವು ಒಳಗಿನ ಒತ್ತಡ ಮತ್ತು ಕುಹರದ ತ್ರಿಜ್ಯ ಹೆಚ್ಚಿದಂತೆ ಹೆಚ್ಚುತ್ತದೆ. ಗೋಡೆ ದಪ್ಪವಾದಂತೆ ತಗ್ಗುತ್ತದೆ. ಇದು ಲಾಪ್ಲಾಸ್ ನಿಯಮ. ಒತ್ತಡವನ್ನು ಇಳಿಸಲಾಗದ ಹೃದಯ ಗೋಡೆಯನ್ನೇ ದಪ್ಪಮಾಡಿಕೊಳ್ಳುತ್ತದೆ. ಬಾಯ್ಲರ್ ಕಟ್ಟುವ ಎಂಜಿನಿಯರೂ ಇದನ್ನೇ ಮಾಡುತ್ತಾನೆ. ಆದರೆ ಬಾಯ್ಲರಿನ ತಗಡು ತನ್ನ ಕಸವನ್ನು ತಾನೇ ಗುಡಿಸಬೇಕಾಗಿಲ್ಲ!

ವಯಸ್ಕರ ಹೃದಯದ ಸ್ನಾಯುಕೋಶಗಳು ವಿಭಜನೆಗೊಳ್ಳುವುದು ತೀರ ಅಪರೂಪ. ಆದ್ದರಿಂದ ಕೋಶಗಳ ಸಂಖ್ಯೆ ಹೆಚ್ಚುವ ಬದಲು ಒಂದೊಂದು ಕೋಶವೂ ದಪ್ಪವಾಗುತ್ತದೆ. ಹೊಸ ಪ್ರೋಟೀನು ಸೇರುತ್ತ ಹೋದಂತೆ ಹಳೆಯದನ್ನು ತೆಗೆಯಲೂ ಬೇಕಲ್ಲವೆ? ಸವೆದ ಮೈಟೊಕಾಂಡ್ರಿಯಗಳನ್ನೂ ಕೆಟ್ಟ ಪ್ರೋಟೀನುಗಳನ್ನೂ ಜೋಡಿಪೊರೆಯೊಂದು ಸುತ್ತುವರಿದು ಚೀಲವಾಗುತ್ತದೆ. ಆ ಚೀಲ ಲೈಸೋಸೋಮಿನೊಡನೆ ಬೆಸೆದುಕೊಂಡಾಗ ಅಲ್ಲಿನ ಎಂಜೈಮುಗಳು ಒಳಗಿನ ಸರಕನ್ನು ಒಡೆಯುತ್ತವೆ. ಹೊರಬಂದ ಅಮೈನೊ ಆಮ್ಲಗಳು ಮತ್ತೆ ಬಳಕೆಯಾಗುತ್ತವೆ. ಕ್ರಿಶ್ಚಿಯನ್ ಡಿ ಡೂವ್ 1963ರಲ್ಲಿ ಇದಕ್ಕೆ ಆಟೋಫೇಜಿ, ಅಂದರೆ ಸ್ವಭಕ್ಷಣೆ, ಎಂದು ಹೆಸರಿಟ್ಟರು. ಯೀಸ್ಟ್ ಕೋಶಗಳಲ್ಲಿ ಇದರ ಜೀನುಗಳನ್ನು ಹುಡುಕಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ಬಂತು.

2007ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳನ್ನು ಜೊತೆಗಿಟ್ಟು ನೋಡಿ. ಜಪಾನಿನಲ್ಲಿ, ಬೆಳೆದ ಇಲಿಗಳ ಹೃದಯದಲ್ಲಿ ಸ್ವಭಕ್ಷಣೆಗೆ ಬೇಕಾದ ಒಂದು ಜೀನನ್ನು ತೆಗೆದುಹಾಕಿದಾಗ ಹೃದಯ ದೊಡ್ಡದಾಗಿ ದುರ್ಬಲವಾಯಿತು. ಅಮೆರಿಕದಲ್ಲಿ, ಇಲಿಗಳ ಮಹಾಪಧಮನಿಯನ್ನು ಬಿಗಿದು ಹೃದಯದ ಹೊರೆಯನ್ನು ಹೆಚ್ಚಿಸಿದರು. ಅಲ್ಲಿ ಸ್ವಭಕ್ಷಣೆ ಕಡಿಮೆಯಿದ್ದ ಇಲಿಗಳಿಗೇ ಹಾನಿ ಕಡಿಮೆ! ನನಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ದಿನನಿತ್ಯದ ಸ್ವಭಕ್ಷಣೆ ಬೇಕೇ ಬೇಕು. ಹೊರೆ ಬಿದ್ದಾಗ ಅದು ಮಿತಿಮೀರಿದರೆ ಕೆಲಸಕ್ಕೆ ಬರುವ ಭಾಗಗಳೂ ಕರಗುತ್ತವೆ.

ಅಳತೆಯಲ್ಲೂ ಒಂದು ತೊಡಕಿದೆ. ಕೋಶದಲ್ಲಿ ಚೀಲಗಳು ಹೆಚ್ಚಾಗಿ ಕಂಡರೆ ಅವುಗಳ ತಯಾರಿಕೆ ಹೆಚ್ಚಿರಬಹುದು, ಇಲ್ಲವೆ ವಿಲೇವಾರಿ ನಿಂತಿರಬಹುದು. ತೊಟ್ಟಿಯ ನೀರಿನ ಮಟ್ಟವನ್ನಷ್ಟೇ ನೋಡಿ ನಲ್ಲಿಯ ಹರಿವನ್ನು ಹೇಳಲಾಗದು. ಡೇನನ್ ಕಾಯಿಲೆಯಲ್ಲಿ ಹೀಗೆಯೇ ಆಗುತ್ತದೆ. ಲೈಸೋಸೋಮಿನ ಪೊರೆಯ ಒಂದು ಪ್ರೋಟೀನಿನ ಕೊರತೆಯಿಂದ ಚೀಲಗಳು ಖಾಲಿಯಾಗದೆ ತುಂಬಿಕೊಳ್ಳುತ್ತವೆ. ಹುಡುಗರಲ್ಲಿ ಹೃದಯದ ಸ್ನಾಯು ಎಳೆವಯಸ್ಸಿನಲ್ಲೇ ವಿಪರೀತ ದಪ್ಪವಾಗುತ್ತದೆ. ಇಂಥವರಿಗೆ ಚೀಲಗಳನ್ನು ಹೆಚ್ಚಿಸುವ ಔಷಧಿ ಕೊಟ್ಟು ಏನು ಪ್ರಯೋಜನ?

ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯದಿಂದ ದೊರೆತ ರಾಪಮೈಸಿನ್ ಪ್ರೋಟೀನು ತಯಾರಿಕೆಯನ್ನು ತಗ್ಗಿಸಿ ಸ್ವಭಕ್ಷಣೆಯನ್ನು ಹೆಚ್ಚಿಸುತ್ತದೆ. ಇಲಿಗಳಲ್ಲಿ ಹೃದಯ ದಪ್ಪವಾಗುವುದನ್ನೂ ತಡೆದಿದೆ. ಆದರೆ ಅದು ರೋಗನಿರೋಧ ಶಕ್ತಿಯನ್ನು ಕುಗ್ಗಿಸುವ ಮದ್ದು. ಅಂಗ ಕಸಿಯಾದವರಿಗೆ ಕೊಡುವುದೂ ಅದಕ್ಕಾಗಿಯೇ. ಏರೊತ್ತಡದಿಂದ ದಪ್ಪಗಾದ ಹೃದಯಕ್ಕೆ ಇಂದಿಗೂ ವೈದ್ಯರು ಮೊದಲು ಮಾಡುವುದು ಒತ್ತಡವನ್ನು ಇಳಿಸುವುದು. ಗುಳಿಗೆ ತಪ್ಪಿಸದವರಲ್ಲಿ ಗೋಡೆಯ ದಪ್ಪ ಎಷ್ಟೋ ಬಾರಿ ಹಿಂದಕ್ಕೆ ಬರುತ್ತದೆ.