ಸೈಕಲ್ ಕಲಿಯೋಣ, ಹೊತ್ತು ಉಳಿಸೋಣ



ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರ್ತಾರೆ. ಆರು ಕಿಲೋಮೀಟರ್ ದೂರದ ಹೊಲಿಗೆ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಬೆಳಿಗ್ಗೆ 9 ಗಂಟೆಗೆ ಅಲ್ಲಿ ಗೇಟು ಹಾಕ್ತಾರೆ. ತಡವಾದರೆ ಅರ್ಧ ದಿನದ ಕೂಲಿ ಹೋಯ್ತು. ಒಂದೇ ತಿಂಗಳಲ್ಲಿ ನಾಲ್ಕು ಸಲ ಹೀಗಾಯ್ತು. ಅಂದರೆ ಎರಡು ದಿನದ ಕೂಲಿ ಮಣ್ಣುಪಾಲು!

"ಬಸ್ಸಿಗೆ ಹೋಗಬಾರದಾ ಅಕ್ಕ?" ಅಂತ ಕೇಳಿದೆವು.

"ಬಸ್ಸಿಗೆ ದುಡ್ಡು ಬೇಡ, ನಿಜ. ಆದರೆ ಬಸ್ಸು ಬರಬೇಕಲ್ಲ!" ಅಂದರು.

ಅವರು ಹೇಳಿದ್ದು ಸರಿ. 2023ರ ಜೂನ್‌ನಿಂದ ಕರ್ನಾಟಕದಲ್ಲಿ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಕೊಡಬೇಕಾಗಿಲ್ಲ. ಅದು ದೊಡ್ಡ ಅನುಕೂಲ. ಆದರೆ ನಮ್ಮೂರಿಗೆ ಬೆಳಿಗ್ಗೆ ಒಂದೇ ಬಸ್ಸು. ಅದು ತಪ್ಪಿದರೆ ಕಾಲೇ ಗತಿ.

ಲೆಕ್ಕ ಹಾಕೋಣ

ಆರು ಕಿಲೋಮೀಟರ್ ನಡೆಯೋಕೆ ಸುಮಾರು ಒಂದೂಕಾಲು ಗಂಟೆ ಬೇಕು. ಸೈಕಲ್ಲಿಗೆ ಅರ್ಧ ಗಂಟೆ ಸಾಕು. ಒಂದು ಸಲಕ್ಕೆ ಮುಕ್ಕಾಲು ಗಂಟೆ ಉಳೀತು. ಹೋಗಿ ಬರೋದಕ್ಕೆ ಒಂದೂವರೆ ಗಂಟೆ. ವಾರಕ್ಕೆ ಆರು ದಿನ ಕೆಲಸ. ಹಾಗಾದರೆ ವಾರಕ್ಕೆ 9 ಗಂಟೆ ಉಳೀತು. ಆ ಹೊತ್ತು ನಮ್ಮದು.

ಪುದುಕ್ಕೋಟೆಯ ಅಕ್ಕಂದಿರು

ಪಕ್ಕದ ತಮಿಳುನಾಡಿನಲ್ಲಿ ಪುದುಕ್ಕೋಟೆ ಅಂತ ಒಂದು ಜಿಲ್ಲೆ ಇದೆ. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಅಲ್ಲಿ ಜಿಲ್ಲಾಧಿಕಾರಿ ಆಗಿದ್ದವರು ಶೀಲಾ ರಾಣಿ ಚುಂಕತ್ ಎಂಬ ಮಹಿಳೆ. ಅಕ್ಷರದ ಜೊತೆಗೆ ಹೆಂಗಸರು ಸೈಕಲ್ಲನ್ನೂ ಕಲಿಯಲಿ ಎಂದು ಅವರು ಯೋಚಿಸಿದರು.

ಕಲ್ಲು ಕ್ವಾರಿಯ ಕೂಲಿಗಳು, ಹೊಲದ ಕೂಲಿಗಳು, ಅಂಗನವಾಡಿಯವರು, ಶಿಕ್ಷಕಿಯರು ಎಲ್ಲರೂ ಕಲಿತರು. ಮೊದಮೊದಲು ಕೆಲವರು ಹೀಯಾಳಿಸಿದರು. ಕೆಟ್ಟ ಮಾತೂ ಆಡಿದರು. ಆದರೆ ಹೆಂಗಸರು ಸೈಕಲ್ ಬಿಡಲಿಲ್ಲ. ಹತ್ತಾರು ಸಾವಿರ ಹೆಂಗಸರು ಕಲಿತ ಮೇಲೆ ಆ ಬಾಯಿಗಳು ಮುಚ್ಚಿದವು.

ಅಲ್ಲಿ ಅನೇಕರು ಗಂಡಸರ ಸೈಕಲ್ಲನ್ನೇ ಇಷ್ಟಪಟ್ಟರು. ಯಾಕೆ ಗೊತ್ತಾ? ಅದಕ್ಕೆ ನಡುವೆ ಕಂಬಿ ಇರುತ್ತೆ. ಕಂಬಿ ಮೇಲೆ ಮಗು ಕೂರಿಸಬಹುದು! ಹಿಂದೆ ನೀರಿನ ಕೊಡ, ಮುಂದೆ ಮಗು. ಸಂತೆಗೂ ಅದರಲ್ಲೇ ಹೋದರು.

ನಮ್ಮ ಅಂಜಿಕೆಗಳು

"ಈ ವಯಸ್ಸಲ್ಲಿ ಬರುತ್ತಾ?" ಬರುತ್ತೆ. ನಲವತ್ತು ದಾಟಿದವರೂ ಕಲಿತಿದ್ದಾರೆ.

"ಗರ್ಭಕೋಶಕ್ಕೆ ಕೆಟ್ಟದಂತೆ?" ಇದು ಸುಳ್ಳು. ಸೈಕಲ್ ತುಳಿದರೆ ಗರ್ಭಕೋಶಕ್ಕೆ ಏನೂ ಆಗಲ್ಲ. ಕಾಲಿಗೆ, ಎದೆಗೆ ಬಲ ಬರುತ್ತೆ. ಬಸುರಿಯರು ಮಾತ್ರ ಡಾಕ್ಟರನ್ನು ಕೇಳಬೇಕು.

"ಜನ ಏನಂತಾರೆ?" ನಾಲ್ಕು ದಿನ ಅಂತಾರೆ. ಕೂಲಿ ಹೋದಾಗ ಅವರು ತಂದು ಕೊಡ್ತಾರಾ?

ಕಲಿಯೋದು ಹೇಗೆ?

ನಾವು ಎಂಟು ಜನ ಒಟ್ಟಿಗೆ ಶಾಲೆ ಮೈದಾನದಲ್ಲಿ ಕಲಿತೆವು. ಕಲಿಸುವ ಟೀಚರಮ್ಮನಿಗೂ ಬರ್ತಿರಲಿಲ್ಲ! ನಮ್ಮ ಜೊತೆ ಅವರೂ ಬಿದ್ದರು. ಮೊಣಕಾಲು ತರಚಿತು. ಅರಿಶಿನ ಹಚ್ಚಿಕೊಂಡು ಮತ್ತೆ ಹತ್ತಿದರು. ಬಿದ್ದು ಎದ್ದು ಕಲಿತದ್ದು ಇಷ್ಟು:

1. ಸೀಟು ತಗ್ಗಿಸಿ. ಕೂತರೆ ಎರಡು ಕಾಲೂ ನೆಲಕ್ಕೆ ತಾಗಬೇಕು.

2. ಮೊದಲು ಪೆಡಲ್ ಬೇಡ. ಕಾಲಿನಿಂದ ನೆಲ ಒದ್ದು ಮುಂದೆ ಹೋಗಿ. ತೂಕ ನಿಲ್ಲಿಸೋದು ಹೀಗೆ ಬರುತ್ತೆ.

3. ಆಮೇಲೆ ಪೆಡಲ್ ತುಳಿಯಿರಿ. ಒಬ್ಬರು ಹಿಂದೆ ಸೀಟು ಹಿಡಿದುಕೊಳ್ಳಲಿ.

4. ಚಕ್ರ ನೋಡಬೇಡಿ. ದೂರ ನೋಡಿ. ನೋಡಿದ ಕಡೆಗೇ ಸೈಕಲ್ ಹೋಗುತ್ತೆ.

5. ಎರಡೂ ಬ್ರೇಕ್ ಮೆಲ್ಲಗೆ ಒತ್ತಿ. ಮುಂದಿನದನ್ನು ಮಾತ್ರ ಜೋರಾಗಿ ಒತ್ತಿದರೆ ಮುಗ್ಗರಿಸ್ತೀವಿ.

6. ಸೆರಗು ಸೊಂಟಕ್ಕೆ ಸಿಕ್ಕಿಸಿ. ನೆರಿಗೆ ಎತ್ತಿ ಕಟ್ಟಿ. ಚೈನಿಗೆ, ಚಕ್ರಕ್ಕೆ ಮುಚ್ಚಳ ಇರಲಿ. ಸೀರೆ ಸಿಕ್ಕಿಕೊಂಡರೆ ಅಪಾಯ.

ರಸ್ತೆಗೆ ಇಳಿಯೋ ಮುಂಚೆ

ಗಾಳಿ, ಬ್ರೇಕು, ಬೆಲ್ಲು ನೋಡಿ. ಚೈನಿಗೆ ಆಗಾಗ ಎಣ್ಣೆ ಬಿಡಿ. ರಸ್ತೆಯ ಎಡಬದಿಯಲ್ಲೇ ಹೋಗಿ. ಬಲಕ್ಕೆ ತಿರುಗೋ ಮುಂಚೆ ಹಿಂದೆ ನೋಡಿ, ಬಲಗೈ ಚಾಚಿ. ಕತ್ತಲಲ್ಲಿ ಮುಂದೆ ದೀಪ, ಹಿಂದೆ ಹೊಳೆಯುವ ಕೆಂಪು ಗಾಜು ಬೇಕೇ ಬೇಕು. ಸಂಜೆ ಇಬ್ಬರು ಮೂವರು ಕೂಡಿ ಬನ್ನಿ.

ಹೊಸ ಸೈಕಲ್ಲೇ ಆಗಬೇಕಿಲ್ಲ. ಹಳೆಯದನ್ನು ಕೊಳ್ಳುವಾಗ ಚಕ್ರ ತಿರುಗಿಸಿ ನೋಡಿ. ಓಲಾಡಿದರೆ ಬೇಡ. ಸಂಘದಿಂದ ಸಾಲ ತಗೊಂಡರೆ ತಿಂಗಳಿಗೆ ಎಷ್ಟು ಕಟ್ಟಬೇಕು ಅಂತ ಓದಿ ನೋಡಿ, ಆಮೇಲೆ ಸಹಿ ಹಾಕಿ. ಈಗ ನಮಗೆ ಓದೋಕೆ ಬರುತ್ತಲ್ಲ!

ಆ ಅಕ್ಕ ಏನಾದರು?

ಅವರು ಹಳೇ ಸೈಕಲ್ ಕೊಂಡರು. ಮೊದಲ ವಾರ ಅತ್ತೆ ಮಾತಾಡಲಿಲ್ಲ. ಒಂದು ರಾತ್ರಿ ಮೊಮ್ಮಗುವಿಗೆ ಜ್ವರ ಏರಿತು. ಅಕ್ಕ ಸೈಕಲ್ಲಿನಲ್ಲಿ ಹೋಗಿ ಪಕ್ಕದೂರಿಂದ ನರ್ಸಮ್ಮನನ್ನು ಕರೆತಂದರು. ಅತ್ತೆ ಆಗಲೂ ಹೊಗಳಲಿಲ್ಲ. ಆದರೆ ಈಗ ದಿನಾ ಬೆಳಿಗ್ಗೆ ಚಕ್ರ ಒತ್ತಿ ನೋಡ್ತಾರೆ. "ಗಾಳಿ ಕಮ್ಮಿ ಆಗಿದೆ, ಹಾಕಿಸ್ಕೊ" ಅಂತಾರೆ.

ಆಮೇಲೆ ಗೇಟಿನ ಹತ್ತಿರ ಅಕ್ಕನ ಕೂಲಿ ಒಂದು ದಿನವೂ ಕಡಿತ ಆಗಿಲ್ಲ.

ಕೂಡಿ ಮಾತಾಡೋಣ

ನಿಮ್ಮ ಕೆಲಸದ ಜಾಗ ಎಷ್ಟು ದೂರ? ನಡೆದರೆ ಎಷ್ಟು ಹೊತ್ತು? ಸೈಕಲ್ಲಿಗೆ ಎಷ್ಟು? ಉಳಿದ ಹೊತ್ತಿನಲ್ಲಿ ಏನು ಮಾಡ್ತೀರಿ? ನಿಮ್ಮ ಪುಸ್ತಕದಲ್ಲಿ ಬರೆಯಿರಿ.